ಬೂವನಹಳ್ಳಿ ವಿಮಾನ ನಿಲ್ದಾಣ: ಪೊರಕೆ ಮಾತ್ರ ನಮಗೇಕೆ?



ಹಾಸನದ ಪಕ್ಕದ ಬೂವನಹಳ್ಳಿಗೆ ವಿಮಾನ ಬರುತ್ತೆ ಅನ್ನೋ ಮಾತು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. 2007ರಲ್ಲಿ ಅಡಿಗಲ್ಲು ಬಿತ್ತು. ಖಾಸಗಿಯವರು ಕಟ್ತಾರೆ ಅಂದರು, ಕಟ್ಟಲಿಲ್ಲ. 2021ರಲ್ಲಿ ರಾಜ್ಯ ಸರ್ಕಾರವೇ 190 ಕೋಟಿಗೂ ಮಿಕ್ಕಿದ ಅಂದಾಜು ಹಿಡಿದು ಮತ್ತೆ ಕೈ ಹಾಕಿತು. ಈ ನಡುವೆ ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು! ಚುನಾವಣೆ ಹತ್ತಿರ ಬಂದಾಗಲೆಲ್ಲ ಬೂವನಹಳ್ಳಿಯ ವಿಮಾನ ಭಾಷಣದಲ್ಲಿ ಹಾರುತ್ತದೆ, ಎಲೆಕ್ಷನ್ ಮುಗಿದ ಮೇಲೆ ಇಳಿಯುತ್ತದೆ.

ಬೇಲೂರು, ಹಳೇಬೀಡಿನಲ್ಲಿ ಲಾಡ್ಜು, ಹೋಟೆಲು ಇಟ್ಟಿರುವವರಿಗೆ ಇದು ದೊಡ್ಡ ಆಸೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ "ಇನ್ನು ಫಾರಿನ್ನಿನವರು ನೇರ ಇಲ್ಲೇ ಇಳೀತಾರೆ" ಅಂತ ಲೆಕ್ಕ ಹಾಕುತ್ತಿದ್ದಾರೆ. ಅರಸೀಕೆರೆಯ ಮಂಡಿಯವರು ತಮ್ಮ ವ್ಯಾಪಾರವೂ ರೆಕ್ಕೆ ಕಟ್ಟಿಕೊಳ್ಳುತ್ತೆ ಅನ್ನುತ್ತಾರೆ. ನಮ್ಮ ಹಾಸ್ಟೆಲುಗಳಲ್ಲಿ ಮಾತ್ರ ಎರಡೇ ಮಾತು. ಒಂದು, "ಬಂದರೆ ಕೆಲಸ ಸಿಗುತ್ತೆ." ಇನ್ನೊಂದು, "ವಿಮಾನ ನಮಗ್ಯಾಕೆ, ಅದು ಸಾಹುಕಾರರದ್ದು."

ಎರಡೂ ಮಾತು ಅರ್ಧ ಮಾತು ಅಂತ ನಾವು ಹೇಳುತ್ತೇವೆ. ವಿಮಾನ ಬೇಕೋ ಬೇಡವೋ ಅಂತ ನಮ್ಮನ್ನು ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ಹಾಗಾಗಿ ನಾವೇ ಬೇರೆ ಪ್ರಶ್ನೆ ಕೇಳಬೇಕಾಗಿದೆ. ಈ ನಿಲ್ದಾಣವನ್ನು ನಡೆಸುವವರು ಯಾರು? ಲೆಕ್ಕ ಯಾರಿಗೆ ಕೊಡುತ್ತಾರೆ? ಕುರ್ಚಿಯಲ್ಲಿ ಕೂರುವವರು ಯಾರು, ಪೊರಕೆ ಹಿಡಿಯುವವರು ಯಾರು?

ಮೊದಲು ಸಣ್ಣ ವಿಮಾನ ನಿಲ್ದಾಣ ಹೇಗೆ ಬದುಕುತ್ತೆ ಅಂತ ತಿಳಿಯೋಣ. ದಿನಕ್ಕೆ ಒಂದು ವಿಮಾನ ಬರಲಿ, ಹತ್ತು ಬರಲಿ, ರನ್‌ವೇ ಅಷ್ಟೇ ಉದ್ದ ಇರಬೇಕು. ಬೆಂಕಿ ಆರಿಸುವ ಗಾಡಿ ಸಿದ್ಧವಿರಬೇಕು. ಪೊಲೀಸರು, ದೀಪ, ವೈರ್‌ಲೆಸ್ಸು, ಟವರು ಎಲ್ಲವೂ ಇರಬೇಕು. ಅಂದರೆ ಖರ್ಚು ಕಮ್ಮಿಯಾಗುವುದಿಲ್ಲ, ಆದಾಯ ಮಾತ್ರ ಕಮ್ಮಿ. ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನದಲ್ಲಿ ಎಪ್ಪತ್ತರ ಆಸುಪಾಸು ಸೀಟು. ಒಂದೂವರೆ ಕೆಂಪು ಬಸ್ಸಿನಷ್ಟು ಜನ! ಅಷ್ಟು ಜನರ ದುಡ್ಡಿನಲ್ಲಿ ಇಷ್ಟು ದೊಡ್ಡ ಸಂಸಾರ ತೂಗುವುದಿಲ್ಲ.

ಅದಕ್ಕೇ ಕೇಂದ್ರ ಸರ್ಕಾರ 2016ರಲ್ಲಿ 'ಉಡಾನ್' ಯೋಜನೆ ತಂದಿತು. ಒಂದು ಗಂಟೆ ಹಾರಾಟಕ್ಕೆ ಸುಮಾರು 2,500 ರೂಪಾಯಿ ಅಂತ ಕೆಲವು ಸೀಟುಗಳಿಗೆ ದರ ಕಟ್ಟಿ, ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವುದು. ಈ ದುಡ್ಡಿನಲ್ಲಿ ರಾಜ್ಯದ ಪಾಲೂ ಇದೆ. ಅದರ ಮೇಲೆ ಈ ವಿಮಾನಗಳಿಗೆ ಇಳಿಯುವ ಶುಲ್ಕ ಮಾಫಿ, ನಿಲ್ಲುವ ಶುಲ್ಕ ಮಾಫಿ. ಪೊಲೀಸರನ್ನೂ ಅಗ್ನಿಶಾಮಕದವರನ್ನೂ ರಾಜ್ಯವೇ ಪುಕ್ಕಟೆ ಕೊಡಬೇಕು. ಹಾಸ್ಟೆಲಿನ ಊಟದ ಭತ್ಯೆ ಹತ್ತು ರೂಪಾಯಿ ಏರಿಸಿ ಅಂದರೆ "ಬೊಕ್ಕಸ ಖಾಲಿ" ಅನ್ನುವ ಸರ್ಕಾರಗಳ ಕೈ ಇಲ್ಲಿ ಎಷ್ಟು ಧಾರಾಳ ನೋಡಿ.

ಇಷ್ಟು ಮಾಡಿಯೂ ಏನಾಯಿತು? ದೇಶದ ಮಹಾಲೇಖಪಾಲರು 2023ರಲ್ಲಿ ಕೊಟ್ಟ ವರದಿ ನೋಡಿ. ಉಡಾನಿನ ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ನೆರವಿನ ಅವಧಿ ಮುಗಿದ ಮೇಲೂ 2023ರ ಮಾರ್ಚ್ ಹೊತ್ತಿಗೆ ಉಳಿದಿದ್ದು 54 ಮಾತ್ರ. ನಮ್ಮ ಬೀದರ್ ನೋಡಿ. 2020ರ ಫೆಬ್ರವರಿಯಲ್ಲಿ ವಿಮಾನ ಬಂತು, 2023ರ ಡಿಸೆಂಬರಿನಲ್ಲಿ ನಿಂತಿತು, ಮತ್ತೆ ಹಾರಿದ್ದು 2025ರ ಏಪ್ರಿಲಿನಲ್ಲಿ. ನಡುವೆ ಒಂದು ವರ್ಷಕ್ಕೂ ಮೇಲೆ ಕಟ್ಟಡ ಇತ್ತು, ವಿಮಾನ ಇರಲಿಲ್ಲ. ಶಿವಮೊಗ್ಗದ ಸೋಗಾನೆ ನಿಲ್ದಾಣವನ್ನು 2023ರ ಫೆಬ್ರವರಿ 27ರಂದು ಪ್ರಧಾನಿ ಉದ್ಘಾಟಿಸಿದರು. ಟಿಕೆಟು ಕೊಂಡ ಜನರನ್ನು ಹೊತ್ತ ಮೊದಲ ವಿಮಾನ ಇಳಿದದ್ದು ಆಗಸ್ಟ್ 31ಕ್ಕೆ.

ಶಿವಮೊಗ್ಗದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಆ ನಿಲ್ದಾಣವನ್ನು ನಡೆಸಲು ಹೊರಟದ್ದು ದೆಹಲಿಯ ಪ್ರಾಧಿಕಾರವೂ ಅಲ್ಲ, ಖಾಸಗಿ ಕಂಪನಿಯೂ ಅಲ್ಲ. ರಾಜ್ಯದ್ದೇ ಆದ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮ. ಕರ್ನಾಟಕದಲ್ಲಿ ಇದು ಮೊದಲು. ಅಂದರೆ ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ತಾನೇ ನಡೆಸಬಲ್ಲದು. ಹಾಗಾದರೆ ಹಾಸನದ್ದನ್ನು ಯಾರ ಕೈಗೆ ಕೊಡುತ್ತಾರೆ ಅನ್ನುವುದು ನಮಗೆ ಸಣ್ಣ ಮಾತಲ್ಲ. ಏಕೆಂದು ಮುಂದೆ ಹೇಳುತ್ತೇವೆ.

ವಿಮಾನದಿಂದ ಆದಾಯ ಇಲ್ಲ ಅಂದ ಮೇಲೆ ನಿಲ್ದಾಣ ಹೊಟ್ಟೆ ಹೊರೆಯುವುದು ಯಾವುದರಿಂದ? ನೆಲದಿಂದ! ಅಂಗಡಿ ಬಾಡಿಗೆ, ಕಾರು ನಿಲ್ಲಿಸುವ ಗುತ್ತಿಗೆ, ಜಾಹೀರಾತಿನ ಬೋರ್ಡು, ಹೋಟೆಲಿಗೆ ಲೀಸು, ವಿಮಾನ ರಿಪೇರಿ ಶೆಡ್ಡಿಗೆ ಲೀಸು, ಫ್ಲೈಯಿಂಗ್ ಸ್ಕೂಲಿಗೆ ಲೀಸು. ವಿಮಾನ ನಿಲ್ದಾಣದ 'ಬಿಸಿನೆಸ್ ಡೆವಲಪ್‌ಮೆಂಟ್' ಅನ್ನುವ ದೊಡ್ಡ ಹೆಸರಿನ ಹುದ್ದೆಯ ಬಹುಪಾಲು ಕೆಲಸ ಇದೇ, ನೆಲವನ್ನು ಬಾಡಿಗೆಗೆ ಹಚ್ಚುವುದು. ಆ ನೆಲ ಯಾರದ್ದು? 'ಸಾರ್ವಜನಿಕ ಉದ್ದೇಶ' ಅಂತ ರೈತನ ಕೈಯಿಂದ ಒಂದು ಬೆಲೆಗೆ ಪಡೆದದ್ದು. ಆ ಉದ್ದೇಶದ ಹೆಸರಲ್ಲೇ ಅದನ್ನು ಇನ್ನೊಂದು ಬೆಲೆಗೆ ಸಾಹುಕಾರನಿಗೆ ಲೀಸು ಕೊಡುತ್ತಾರೆ. ಆಲೂಗಡ್ಡೆ ಬೆಳೆಯುತ್ತಿದ್ದ ನೆಲದಲ್ಲಿ ನಾಳೆ ಸ್ಟಾರ್ ಹೋಟೆಲು ಎದ್ದರೆ ಆಲೂಗಡ್ಡೆ ಅಗೆಯುತ್ತಿದ್ದವಳಿಗೆ ಏನು?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ, ನಮಗೆ ಗೊತ್ತಿಲ್ಲ ಅಷ್ಟೆ. 1894ರ ಬ್ರಿಟಿಷರ ಭೂಸ್ವಾಧೀನ ಕಾಯ್ದೆಯ ಕಾಲದಲ್ಲಿ ಪರಿಹಾರ ಅಂದರೆ ಪಹಣಿಯಲ್ಲಿ ಹೆಸರಿದ್ದವನಿಗೆ. ಕೂಲಿಯವನು ಲೆಕ್ಕಕ್ಕೇ ಇಲ್ಲ. 2014ರ ಜನವರಿಯಿಂದ ಜಾರಿಗೆ ಬಂದ 2013ರ ಕಾಯ್ದೆಯಲ್ಲಿ ಹಾಗಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ನೆಲದ ಕೂಲಿಯನ್ನೇ ಮುಖ್ಯವಾಗಿ ನಂಬಿ ಬದುಕಿದ ಭೂಹೀನ ಕುಟುಂಬವೂ 'ಬಾಧಿತ ಕುಟುಂಬ'ವೇ. ಆದರೆ ಬೇರೆ ಕಾಯ್ದೆಯ ಹೆಸರಲ್ಲಿ ಭೂಮಿ ತೆಗೆದುಕೊಂಡು ಇದರಿಂದ ನುಣುಚಿಕೊಳ್ಳುವ ದಾರಿಗಳೂ ಅಧಿಕಾರಿಗಳಿಗೆ ಗೊತ್ತು. ಇನ್ನು ಮುಂದೆ ರಸ್ತೆಗೆ, ರನ್‌ವೇ ಉದ್ದ ಮಾಡುವುದಕ್ಕೆ ಒಂದು ಗುಂಟೆ ತೆಗೆದುಕೊಂಡರೂ, ಯಾವ ಕಾಯ್ದೆ, ಕೂಲಿಯವರ ಪಟ್ಟಿ ಎಲ್ಲಿ ಅಂತ ನಾವು ಕೇಳಬೇಕು.

ಹಾಗೇ ಮಂಜೂರಾತಿ ಜಮೀನಿನ ಮಾತು. ನಮ್ಮ ಅಪ್ಪಂದಿರಿಗೆ ಸರ್ಕಾರ ಕೊಟ್ಟ ಜಮೀನು ಯಾವ ಗೌಡರ ಕೈಗೋ, ಯಾವ ಬ್ರೋಕರ್ ಕೈಗೋ ನೂರು ಇನ್ನೂರಕ್ಕೆ ಹೋಗಿರುವುದು ಎಲ್ಲ ಊರಲ್ಲೂ ಇದೆ. ಇಂಥ ಜಮೀನು ವಾಪಸು ಕೊಡಿಸಲೆಂದೇ 1978ರ ಪಿಟಿಸಿಎಲ್ ಕಾಯ್ದೆ ಬಂತು. "ತಡವಾಗಿ ಬಂದಿರಿ" ಅಂತ ಅರ್ಜಿಗಳು ಬಿದ್ದುಹೋಗತೊಡಗಿದಾಗ, ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಯಿತು. ನಿಲ್ದಾಣ ಬರುವ ಕಡೆ ನೆಲದ ಬೆಲೆ ಏರುತ್ತದೆ. ಬೆಲೆ ಏರಿದಾಗ ಪರಿಹಾರದ ಚೆಕ್ಕು ಯಾರ ಹೆಸರಿಗೆ ಬರುತ್ತದೆ? ಕಳೆದುಕೊಂಡವನಿಗಲ್ಲ, ಕಬಳಿಸಿದವನಿಗೆ. ಆಮೇಲೆ ಅತ್ತು ಫಲವಿಲ್ಲ. ಊರಿಗೆ ಹೋದಾಗ ಹಳೆಯ ಸಾಗುವಳಿ ಚೀಟಿ ಹುಡುಕಿ, ಅರ್ಜಿ ಬರೆದು ಕೊಡುವ ಕೆಲಸ ಹಾಸ್ಟೆಲ್ ಹುಡುಗರದ್ದು.

ಯಾರೂ ಹೇಳದ ಇನ್ನೊಂದು ಸಂಗತಿ. 1937ರ ವಿಮಾನ ನಿಯಮಗಳಲ್ಲಿ 91ನೇ ನಿಯಮ ಅಂತ ಒಂದಿದೆ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರಿನಲ್ಲಿ ಹದ್ದು ಮುಂತಾದ ಹಕ್ಕಿಗಳನ್ನು ಸೆಳೆಯುವ ಹಾಗೆ ಪ್ರಾಣಿ ಕಡಿಯುವಂತಿಲ್ಲ, ಚರ್ಮ ಸುಲಿಯುವಂತಿಲ್ಲ, ಕಸ ಸುರಿಯುವಂತಿಲ್ಲ. ಹಕ್ಕಿ ಇಂಜಿನ್ನಿಗೆ ಸಿಕ್ಕರೆ ವಿಮಾನ ಬೀಳುತ್ತದೆ, ನಿಜ. ನಿಯಮ ತಪ್ಪಲ್ಲ. ಆದರೆ ಕಡಿಯುವವರು ಯಾರು, ಸುಲಿಯುವವರು ಯಾರು, ಕಸ ಆಯ್ದು ಬದುಕುವವರು ಯಾರು? ಬೂವನಹಳ್ಳಿಯಿಂದ ಹತ್ತು ಕಿಲೋಮೀಟರ್ ಅಂದರೆ ಹಾಸನ ಪಟ್ಟಣವೇ ಅದರೊಳಗೆ ಬರುತ್ತದೆ. ನಗರಸಭೆಯವರು ಒಳ್ಳೆಯ ಮುಚ್ಚಿದ ಕಸಾಯಿಖಾನೆ ಕಟ್ಟಿ, ಕಸಕ್ಕೆ ಸರಿಯಾದ ವ್ಯವಸ್ಥೆ ಮಾಡಿದರೆ ಹಕ್ಕಿಯೂ ಬರುವುದಿಲ್ಲ, ಬದುಕೂ ಹೋಗುವುದಿಲ್ಲ. ಅದು ಖರ್ಚಿನ ದಾರಿ. ಖರ್ಚಿಲ್ಲದ ದಾರಿ ಅಂದರೆ ಕೇರಿಗೆ ಪೊಲೀಸರನ್ನು ಕಳಿಸುವುದು. ಯಾವ ದಾರಿ ಹಿಡಿಯುತ್ತಾರೆ ಅಂತ ವಿಮಾನ ಬರುವ ಮುಂಚೆಯೇ ಕೇಳಬೇಕಲ್ಲವೇ?

ಈಗ ಕೆಲಸದ ಮಾತು. "ನೂರಾರು ಉದ್ಯೋಗ" ಅನ್ನುತ್ತಾರೆ. ಯಾವ ಉದ್ಯೋಗ? ಕಕ್ಕಸು ತೊಳೆಯುವುದು, ನೆಲ ಒರೆಸುವುದು, ಟ್ರಾಲಿ ತಳ್ಳುವುದು, ರನ್‌ವೇ ಪಕ್ಕದ ಹುಲ್ಲು ಕೊಯ್ಯುವುದು, ಹಕ್ಕಿ ಓಡಿಸುವುದು. ಇದೆಲ್ಲ ಗುತ್ತಿಗೆ ಏಜೆನ್ಸಿ ಮೂಲಕ. ಆ ಕೆಲಸ ಕೀಳು ಅಂತ ನಾವು ಹೇಳುತ್ತಿಲ್ಲ. ಅದನ್ನು ಮಾಡುವವರಿಗೆ ಖಾಯಂ ನೌಕರಿ, ಪೂರಾ ಸಂಬಳ ಬೇಕು ಅನ್ನುತ್ತೇವೆ. ಜೊತೆಗೆ, ಪೊರಕೆ ಒಂದು ಕೇರಿಗೇ ಬರೆದಿಟ್ಟದ್ದಲ್ಲ, ಕುರ್ಚಿ ಒಂದು ಬೀದಿಗೇ ಬರೆದಿಟ್ಟದ್ದಲ್ಲ ಅನ್ನುತ್ತೇವೆ.

ಯಾರು ನಡೆಸುತ್ತಾರೆ ಅನ್ನುವುದು ಇಲ್ಲಿಯೇ ಮುಖ್ಯವಾಗುವುದು. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸಿದರೆ ಅಥವಾ ರಾಜ್ಯದ ನಿಗಮ ನಡೆಸಿದರೆ ನೇಮಕದಲ್ಲಿ ಮೀಸಲಾತಿ ಇದೆ, ರೋಸ್ಟರ್ ಇದೆ. ಖಾಸಗಿಗೆ ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು. ಮಂಗಳೂರು ನಿಲ್ದಾಣವನ್ನು 2020ರ ಅಕ್ಟೋಬರ್ 31ರಂದು 50 ವರ್ಷಕ್ಕೆ ಅದಾನಿ ಕಂಪನಿಗೆ ಒಪ್ಪಿಸಿದರು. ಅಲ್ಲಿ ಆ ಕಂಪನಿ ಮಾಡಿಕೊಳ್ಳುವ ನೇಮಕಕ್ಕೆ ಮೀಸಲಾತಿಯ ಕಟ್ಟುಪಾಡಿಲ್ಲ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿದ್ದ 1943ರಲ್ಲಿ ಕೇಂದ್ರದ ನೌಕರಿಗಳಲ್ಲಿ ಶೇಕಡಾ 8.33 ನಮ್ಮವರಿಗೆ ಅಂತ ಆಯಿತು. ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಗಳಿಸಿದ್ದು ಒಂದು ಲೀಸು ಪತ್ರದ ಸಹಿಯಲ್ಲಿ ಹೋಗುತ್ತದೆ.

ನಮ್ಮ ಜಿಲ್ಲೆಯವರೇ ಒಬ್ಬರು ವಿಮಾನ ಹಾರಿಸಿದ್ದು ನಿಮಗೆ ಗೊತ್ತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಸಾಮಾನ್ಯ ಮನುಷ್ಯನೂ ವಿಮಾನ ಹತ್ತಬೇಕು ಅನ್ನುವ ಅವರ ಮಾತು ದೊಡ್ಡದು, ಟಿಕೆಟು ಅಗ್ಗವಾಯಿತು ಅನ್ನುವುದೂ ನಿಜ. ಆದರೆ ನಷ್ಟ ತಡೆಯಲಾಗದೆ ನಾಲ್ಕೈದು ವರ್ಷದೊಳಗೆ ಆ ಕಂಪನಿ ಮಲ್ಯರ ಕಿಂಗ್‌ಫಿಷರ್ ಪಾಲಾಯಿತು. 2012ರಲ್ಲಿ ಕಿಂಗ್‌ಫಿಷರೇ ನೆಲ ಕಚ್ಚಿತು. ಸಂಬಳ ಸಿಗದೆ ಬೀದಿಗೆ ಬಿದ್ದವರು ನೌಕರರು. ಸೀಟು ಅಗ್ಗವಾದರೆ ಸಾಲದು, ನಡೆಸುವ ಕೈ ಜನರಿಗೆ ಲೆಕ್ಕ ಕೊಡುವ ಕೈಯಾಗಿರಬೇಕು. ಅಮೆರಿಕದಲ್ಲಿ ಎಷ್ಟೋ ಸಣ್ಣ ಊರುಗಳ ವಿಮಾನ ನಿಲ್ದಾಣ ಅಲ್ಲಿನ ಪುರಸಭೆಯದೇ ಆಸ್ತಿ. ಮ್ಯಾನೇಜರು ಊರಿನವರು ಆರಿಸಿದ ಕೌನ್ಸಿಲಿನ ಮುಂದೆ ನಿಂತು ಶೆಡ್ಡಿನ ಬಾಡಿಗೆ ಎಷ್ಟು, ಎಣ್ಣೆ ಮಾರಿದ್ದೆಷ್ಟು ಅಂತ ಹೇಳಬೇಕು. ಬಂಡವಾಳಶಾಹಿ ದೇಶದಲ್ಲೇ ಇದು ಆಗುವುದಾದರೆ ನಮ್ಮಲ್ಲೇಕೆ ಆಗದು?

"ವಿಮಾನ ನಮಗ್ಯಾಕೆ" ಅನ್ನುವ ಗೆಳೆಯರಿಗೆ ಒಂದು ಮಾತು. ಅರಸೀಕೆರೆಗೆ ರೈಲು ಬಂದಾಗಲೂ ಅದು ನಮಗಾಗಿ ಬಂದದ್ದಲ್ಲ. ಹಳಿ ಹೊತ್ತವರು, ಜಲ್ಲಿ ಒಡೆದವರು ನಮ್ಮ ಅಜ್ಜಂದಿರು. ಮೀಸಲಾತಿ ಬಂದ ಮೇಲೆ ಅದೇ ರೈಲ್ವೆಯಲ್ಲಿ ನಮ್ಮವರು ಗುಮಾಸ್ತರಾದರು, ಟಿಕೆಟ್ ಕಲೆಕ್ಟರಾದರು, ಗಾರ್ಡಾದರು. ರೈಲು ಸರ್ಕಾರದ್ದಾಗಿತ್ತು ಅನ್ನುವುದಕ್ಕೇ ಅದು ಆಯಿತು. ಮುಖ ತಿರುಗಿಸಿಕೊಂಡು ಕೂತಿದ್ದರೆ ಇವತ್ತಿಗೂ ಜಲ್ಲಿಯೇ.

ಹಾಗಾಗಿ ನಮ್ಮ ಬೇಡಿಕೆಗಳು ಇವು.

ಒಂದು: ಬೂವನಹಳ್ಳಿ ನಿಲ್ದಾಣ ಸರ್ಕಾರದ ಕೈಯಲ್ಲೇ ಇರಲಿ. ಪ್ರತಿ ವರ್ಷ ಜಮಾಖರ್ಚನ್ನು, ಯಾರಿಗೆ ಎಷ್ಟು ನೆಲ ಎಷ್ಟು ಬಾಡಿಗೆಗೆ ಅನ್ನುವುದನ್ನು, ಸುತ್ತಲ ಪಂಚಾಯ್ತಿ ಕಟ್ಟೆಗಳಲ್ಲಿ ಕನ್ನಡದಲ್ಲಿ ಅಂಟಿಸಲಿ.

ಎರಡು: ನಿಲ್ದಾಣದ ಸಲಹಾ ಸಮಿತಿಯಲ್ಲಿ ಬರೀ ಹೋಟೆಲಿನವರು, ವರ್ತಕರು ಬೇಡ. ಭೂಮಿ ಕಳೆದುಕೊಂಡವರು, ಕೂಲಿಯವರು, ಅಲ್ಲೇ ಕೆಲಸ ಮಾಡುವ ಹೆಣ್ಣುಮಕ್ಕಳು ಕೂರಲಿ.

ಮೂರು: ಹೊರಗುತ್ತಿಗೆ ನೇಮಕಕ್ಕೂ ಮೀಸಲಾತಿ ಪಾಲಿಸಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಹೊರಡಿಸಿದ ಆದೇಶ ಟೆಂಡರ್ ಷರತ್ತಿನಲ್ಲೇ ಬರಲಿ, ಎಲ್ಲ ದರ್ಜೆಗೂ ಅನ್ವಯವಾಗಲಿ. ಪೊರಕೆಯ ಕೆಲಸದಲ್ಲಿ ನೂರಕ್ಕೆ ನೂರು, ಕೌಂಟರಿನಲ್ಲಿ ಸೊನ್ನೆ, ಇದು ಮೀಸಲಾತಿಯಲ್ಲ.

ನಾಲ್ಕು: ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡಾ 17.15, ಪಂಗಡಕ್ಕೆ 6.95 ಗುತ್ತಿಗೆ ಮೀಸಲು ಈಗಾಗಲೇ ಇದೆ. ಇದೇ ಪಾಲು ನಿಲ್ದಾಣದ ಅಂಗಡಿ, ಕ್ಯಾಂಟೀನು, ಟ್ಯಾಕ್ಸಿ ನಿಲ್ದಾಣಕ್ಕೂ ಬರಲಿ. ಮಳಿಗೆ ಸಣ್ಣದಿರಲಿ, ಡಿಪಾಜಿಟ್ ನಮ್ಮ ಕೈಗೆ ಎಟುಕುವಷ್ಟಿರಲಿ.

ಐದು: ವಿಮಾನದ ಜೊತೆಗೆ ಬಸ್ಸು. ಬೇಲೂರು, ಹಳೇಬೀಡಿಗೆ ಇನ್ನೂ ರೈಲಿಲ್ಲ. ಕತ್ತಲಾದ ಮೇಲೆ ಕಾಲೇಜಿನಿಂದ ಊರಿಗೆ ಹೋಗಲು ಬಸ್ಸಿಲ್ಲದೆ ಓದು ಬಿಟ್ಟ ಹುಡುಗಿಯರು ನಮ್ಮ ಕೇರಿಗಳಲ್ಲಿದ್ದಾರೆ. ಎಪ್ಪತ್ತು ಸೀಟಿನ ನಷ್ಟ ತುಂಬುವ ಸರ್ಕಾರ ಐವತ್ತು ಸೀಟಿನ ಬಸ್ಸಿನ ನಷ್ಟವನ್ನೂ ತುಂಬಲಿ.

ಕೊನೆಗೆ ಹಾಸ್ಟೆಲಿನ ಗೆಳೆಯರಿಗೆ, ಗೆಳತಿಯರಿಗೆ. ವಿಮಾನಕ್ಕೆ ಇಳಿ, ಏರು ಅಂತ ಟವರಿನಿಂದ ಅಪ್ಪಣೆ ಕೊಡುವ ಹುದ್ದೆ ಇದೆಯಲ್ಲ, ಅದನ್ನು ಪ್ರಾಧಿಕಾರದವರು ಪರೀಕ್ಷೆ ಮಾಡಿ ತುಂಬುತ್ತಾರೆ. ಫಿಸಿಕ್ಸು, ಗಣಿತ ಓದಿದ ಬಿ.ಎಸ್ಸಿ. ಸಾಕು, ಇಲ್ಲವೇ ಇಂಜಿನಿಯರಿಂಗ್. ಅದರಲ್ಲಿ ನಮ್ಮ ಪಾಲಿನ ಹುದ್ದೆಗಳಿವೆ. ಅರಸೀಕೆರೆಯ ಕಾಲೇಜಿನಲ್ಲಿ "ಗಣಿತ ಕಷ್ಟ ಕಣಯ್ಯಾ, ಬಿ.ಎ. ತಗೋ" ಅಂತ ಹೇಳುವವರ ಮಾತು ಕೇಳಬೇಡಿ. ಹಾಸ್ಟೆಲಿಗೆ ಗಣಿತದ ಟ್ಯೂಷನ್, ಇಂಗ್ಲಿಷ್ ಮಾತಾಡುವ ತರಬೇತಿ ಕೊಡಿಸಿ ಅಂತ ಸಮಾಜ ಕಲ್ಯಾಣ ಇಲಾಖೆಯ ಬಾಗಿಲು ಬಡಿಯಿರಿ. ಬೆಂಕಿ ಆರಿಸುವ ದಳದ ಕೆಲಸ, ವಿಮಾನ ರಿಪೇರಿ, ಲೆಕ್ಕಪತ್ರ, ಮ್ಯಾನೇಜರಿಕೆ ಎಲ್ಲವನ್ನೂ ತಿಳಿದುಕೊಳ್ಳಿ.

ಬೂವನಹಳ್ಳಿಯಿಂದ ವಿಮಾನ ಏಳುವುದು ತಡವಾಗಬಹುದು. ಆ ತಡ ನಮಗೆ ಸಿಕ್ಕಿರುವ ಸಮಯ. ಅಷ್ಟರೊಳಗೆ ಸಾಗುವಳಿ ಚೀಟಿ ಹುಡುಕೋಣ, ಕೂಲಿಯವರ ಪಟ್ಟಿ ಮಾಡೋಣ, ಗಣಿತದ ಪುಸ್ತಕ ತೆರೆಯೋಣ. ಅರ್ಜಿಗಳನ್ನು ಹಿಡಿದು ಜಿಲ್ಲಾಧಿಕಾರಿ ಕಚೇರಿ ಮುಂದೆ ಸೇರೋಣ.