ಕಿಲೋ ಲೆಕ್ಕದ ಕೂಲಿ, ಕಾನೂನಿನ ಕನಿಷ್ಠ ವೇತನ

ಹೂವಿನಹಡಗಲಿಯ ಮಲ್ಲಿಗೆಗೆ ಜಿಐ ಮಾನ್ಯತೆ ಇದೆ. ಅದನ್ನು ಬಿಡಿಸುವವರ ಕೂಲಿ ಮಾತ್ರ ಬಹುಮಟ್ಟಿಗೆ ಬಾಯಿಮಾತಿನದು. ನಸುಕಿನಲ್ಲೇ ಬಂದ ಹೆಣ್ಣುಮಕ್ಕಳು ಮೊಗ್ಗು ಅರಳುವ ಮೊದಲೇ ಒಂದೊಂದಾಗಿ ಚಿವುಟಿ ಉಡಿಗೆ ಹಾಕಿಕೊಳ್ಳುತ್ತಾರೆ. ಬಿಸಿಲೇರುವಷ್ಟರಲ್ಲಿ ತೂಕ, ಕಿಲೋಗೆ ಇಷ್ಟೆಂದು ಕೂಲಿ.

ತೋಟದವರ ಮಾತಿನಲ್ಲೂ ಹುರುಳಿದೆ. ಹೂ ಕಡಿಮೆಯಾದ ದಿನ ದಿನಗೂಲಿ ಕೊಟ್ಟರೆ ಮಾರಿದ ದುಡ್ಡು ಕೂಲಿಗೇ ಸಾಲದು. ಸುಗ್ಗಿಯಲ್ಲಿ ದರವೇ ಕುಸಿಯುತ್ತದೆ. ಚುರುಕಿನ ಕೈಯವರಿಗೂ ಕಿಲೋ ಲೆಕ್ಕವೇ ಇಷ್ಟ. ಬೇಗ ಮುಗಿಸಿ ಇನ್ನೊಂದು ಕೆಲಸಕ್ಕೆ ಹೋಗಬಹುದು.

ಆದರೆ ಕೃಷಿಕೂಲಿಯೂ 1948ರ ಕನಿಷ್ಠ ವೇತನ ಕಾಯ್ದೆಗೆ ಒಳಪಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನು ಹೊರಗಿಟ್ಟಿಲ್ಲ. ತೂಕಕ್ಕೆ ಪ್ರತ್ಯೇಕ ಕನಿಷ್ಠ ದರ ಗೊತ್ತುಮಾಡದೆ ಕಾಲಾವಧಿಯ ದರವಷ್ಟೇ ಇದ್ದರೆ, ಕಿಲೋ ಲೆಕ್ಕದ ಕೂಲಿ ಅದಕ್ಕಿಂತ ಕಡಿಮೆಯಾಗುವಂತಿಲ್ಲ. ‘ಅವರೇ ಒಪ್ಪಿದ್ದಾರೆ’ ಎಂಬ ಸಮಜಾಯಿಷಿ ನಡೆಯದು. ಕೇರಳದ ಹೆಂಚಿನ ಕಾರ್ಖಾನೆಗಳವರು ತಮ್ಮಿಂದ ಭರಿಸಲಾಗದು ಎಂದು ವಾದಿಸಿದಾಗ, ಕನಿಷ್ಠ ವೇತನಕ್ಕೂ ಮಾಲೀಕನ ಶಕ್ತಿಗೂ ಸಂಬಂಧವಿಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಹೇಳಿತ್ತು. ನನಗೂ ಇದೇ ಸರಿ ಎನಿಸುತ್ತದೆ. ಹೂವಿನ ದರ ಕುಸಿದರೆ ರೈತನಿಗೆ ಒಂದು ಕೊಯ್ಲಿನ ಲಾಭ ಹೋಗುತ್ತದೆ, ಕೂಲಿ ಕುಸಿದರೆ ಬಿಡಿಸುವವಳಿಗೆ ಅಂದಿನ ಜೋಳವೇ ಹೋಗುತ್ತದೆ.

ಮಾಲೀಕರ ಇನ್ನೊಂದು ತಕರಾರು ಮಾತ್ರ ಪೂರ್ತಿ ನ್ಯಾಯವಾದದ್ದು. ರಾಜ್ಯದ ದರಪಟ್ಟಿ ಓದುವುದೇ ಕಷ್ಟ. ಕೊಟ್ಟೂರಿನ ಖಾನಾವಳಿಗೆ ಒಂದು ಪಟ್ಟಿ, ಹರಪನಹಳ್ಳಿಯ ಬಟ್ಟೆ ಅಂಗಡಿಗೆ ಇನ್ನೊಂದು, ಕೂಡ್ಲಿಗಿಯ ಕಟ್ಟಡ ಕೆಲಸಕ್ಕೆ ಮತ್ತೊಂದು. ಮೂಲವೇತನದ ಮೇಲಿನ ತುಟ್ಟಿಭತ್ಯೆ ವರ್ಷವರ್ಷವೂ ಏಪ್ರಿಲ್ 1ರಿಂದ ಬದಲಾಗುತ್ತದೆ. ಹಗರಿಬೊಮ್ಮನಹಳ್ಳಿಯ ಗಿರಣಿಯವರು ಹಳೆಯ ಅಂಕಿಯನ್ನೇ ನಂಬಿ ಕೊಟ್ಟರೂ ಬಾಕಿ ಬೀಳುತ್ತದೆ. ಉದ್ಯೋಗ ಖಾತ್ರಿಯ ಕೂಲಿಯನ್ನೇ (2025-26ರಲ್ಲಿ ದಿನಕ್ಕೆ 370 ರೂಪಾಯಿ) ಕನಿಷ್ಠ ವೇತನವೆಂದು ತಿಳಿದವರಿದ್ದಾರೆ. ಅದು ಆ ಯೋಜನೆಯ ದರ. ಹೊಲ, ಅಂಗಡಿಗಳಿಗೆ ರಾಜ್ಯ ಗೊತ್ತುಮಾಡುವ ದರವೇ ಬೇರೆ.

ಮೂರು ತಾಸು ಬಿಡಿಸಿದ್ದಕ್ಕೆ ಇಡೀ ದಿನದ ಕೂಲಿ ಕೊಡಬೇಕೇ? ರೈತರು ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ದಿನಕ್ಕಷ್ಟೇ ಅಲ್ಲ, ತಾಸಿಗೂ ಬಿಡಿಕೆಲಸಕ್ಕೂ ಕನಿಷ್ಠ ದರ ಗೊತ್ತುಮಾಡುವ ಅಧಿಕಾರವನ್ನು ಕಾನೂನೇ ಸರ್ಕಾರಕ್ಕೆ ಕೊಟ್ಟಿದೆ. ಕಾರ್ಮಿಕ ಇಲಾಖೆ ಹಡಗಲಿಯ ತೋಟಗಳಿಗೇ ಬಂದು, ಸಾಧಾರಣ ಕೈಯೊಂದು ತಾಸಿಗೆ ಎಷ್ಟು ಮೊಗ್ಗು ಬಿಡಿಸುತ್ತದೆ ಎಂದು ಸುಗ್ಗಿಯಲ್ಲೊಮ್ಮೆ, ಹೂ ಕಡಿಮೆಯಿರುವಾಗ ಇನ್ನೊಮ್ಮೆ ತೂಗಿ ನೋಡಲಿ. ಆ ತೂಕದಿಂದ ಕಿಲೋದ ಕನಿಷ್ಠ ದರ ಗೊತ್ತಾದರೆ ರೈತನಿಗೆ ಲೆಕ್ಕ ಸಿಗುತ್ತದೆ, ಬಿಡಿಸುವವಳಿಗೆ ಕೇಳಿ ಪಡೆಯಲು ಒಂದು ಅಂಕಿ ಇರುತ್ತದೆ.