ಕುಣಿದವರು ಯಾರು, ಒಡೆಯರು ಯಾರು?

ವಾಣಿಜ್ಯೋದ್ಯಮಿಗಳ ಮಾಸಪತ್ರಿಕೆಯಲ್ಲಿ ನರ್ತಕರೊಬ್ಬರ ವಿಷಯವಾಗಿ ಲೇಖನವೇಕೆ ಎಂದು ಸದಸ್ಯ ಬಾಂಧವರಿಗೆ ಅನಿಸುವುದು ಸಹಜ. ತೆರಿಗೆ ದರಗಳ ಬದಲಾವಣೆ, ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕ ಮೊದಲಾದವುಗಳ ಬಗ್ಗೆ ಬರೆಯುವುದೇ ನನಗೂ ರೂಢಿ. ಆದರೆ ಮೂವತ್ತು ವರ್ಷಗಳಿಂದ ಸಣ್ಣ ಉದ್ದಿಮೆಗಳ ಲೆಕ್ಕಪತ್ರಗಳನ್ನು ನೋಡುತ್ತ ಬಂದಿರುವ ನನಗೆ, ನಮ್ಮಲ್ಲಿ ಅನೇಕರು ನಷ್ಟ ಅನುಭವಿಸುವುದು ವ್ಯಾಪಾರ ಇಲ್ಲದೆ ಅಲ್ಲ, ತಾವು ಕಟ್ಟಿದ್ದು ತಮ್ಮದೇ ಎಂಬುದಕ್ಕೆ ಕಾಗದ ಇಲ್ಲದೆ ಎಂಬುದು ಮನವರಿಕೆಯಾಗಿದೆ. ಈ ಮಾತನ್ನು ಸೆಕ್ಷನ್‌ಗಳ ಮೂಲಕ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ. ಆದುದರಿಂದ ಮೈಕೆಲ್ ಫ್ಲಾಟ್ಲಿಯವರ ವೃತ್ತಿಜೀವನವನ್ನು ನಿದರ್ಶನವಾಗಿ ತೆಗೆದುಕೊಂಡಿದ್ದೇನೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆರ್ಟಿಕಲ್ ಕ್ಲಾರ್ಕ್ ಆಗಿದ್ದಾಗ ಸ್ನೇಹಿತರೊಬ್ಬರ ಮನೆಯಲ್ಲಿ ಅವರ ನೃತ್ಯದ ವಿಡಿಯೊ ಕ್ಯಾಸೆಟ್ ನೋಡಿದ್ದೆ. ಅಂದು ಕಂಡದ್ದು ಕಾಲುಗಳ ವೇಗ ಮಾತ್ರ. ಅದರ ಹಿಂದಿನ ವ್ಯವಹಾರ ಅರ್ಥವಾದದ್ದು ಬಹಳ ತಡವಾಗಿ.

ಫ್ಲಾಟ್ಲಿಯವರು ಹುಟ್ಟಿದ್ದು 1958ರಲ್ಲಿ, ಅಮೆರಿಕದ ಷಿಕಾಗೊ ನಗರದಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ವಲಸೆ ಹೋದವರು. ತಂದೆಯವರದು ಪ್ಲಂಬಿಂಗ್ ವ್ಯವಹಾರ. ಹನ್ನೊಂದನೆಯ ವಯಸ್ಸಿಗೆ ಐರಿಷ್ ನೃತ್ಯ ಕಲಿಯಲು ಆರಂಭಿಸಿದ ಹುಡುಗ 1975ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಆ ನೃತ್ಯದ ವಿಶ್ವ ಸ್ಪರ್ಧೆಯನ್ನು ಗೆದ್ದ ಮೊದಲ ಅಮೆರಿಕನ್ ಎನಿಸಿಕೊಂಡರು. ಆದರೆ ಆ ಕಾಲದಲ್ಲಿ ಐರಿಷ್ ನೃತ್ಯದಲ್ಲಿ ಪದಕಗಳಿದ್ದವೇ ಹೊರತು ಸಂಬಳವಿರಲಿಲ್ಲ. ವಿಶ್ವವಿಜೇತರೂ ಮರುದಿನ ಬೇರೆ ಕೆಲಸಕ್ಕೆ ಹೋಗಬೇಕಾಗಿತ್ತು. ಫ್ಲಾಟ್ಲಿಯವರೂ ಪ್ಲಂಬಿಂಗ್ ಕೆಲಸ ಮಾಡಿದರು. ಎಂಬತ್ತರ ದಶಕದಲ್ಲಿ ‘ದಿ ಚೀಫ್‌ಟನ್ಸ್’ ಎಂಬ ಪ್ರಸಿದ್ಧ ಐರಿಷ್ ವಾದ್ಯವೃಂದದ ಜೊತೆ ಪ್ರವಾಸ ಮಾಡಿ ಕುಣಿದರು. ಸೆಕೆಂಡಿಗೆ 28 ಬಾರಿ ಪಾದ ಬಡಿದು 1989ರಲ್ಲಿ ಗಿನ್ನೆಸ್ ದಾಖಲೆ ಸ್ಥಾಪಿಸಿದರು. ಮುಂದೆ 1998ರಲ್ಲಿ ಅದನ್ನು 35ಕ್ಕೆ ಏರಿಸಿದರು. ಮೂವತ್ತೈದು ವರ್ಷ ದಾಟುವವರೆಗೂ ಅವರು ಅಸಾಧಾರಣ ಕುಶಲಕರ್ಮಿ, ಆದರೆ ಕೂಲಿಗೆ ದುಡಿಯುವವರು ಎಂದೇ ಹೇಳಬೇಕು.

ತಿರುವು ಬಂದದ್ದು 1994ರ ಏಪ್ರಿಲ್ 30ರಂದು. ಯುರೋಪಿನ ದೇಶಗಳ ನಡುವೆ ನಡೆಯುವ ಯೂರೋವಿಷನ್ ಗೀತಸ್ಪರ್ಧೆ ಆ ವರ್ಷ ಡಬ್ಲಿನ್ ನಗರದ ‘ದಿ ಪಾಯಿಂಟ್’ ರಂಗಮಂದಿರದಲ್ಲಿ ಏರ್ಪಟ್ಟಿತ್ತು. ಸ್ಪರ್ಧೆ ಮುಗಿದು ಅಂಕಗಳನ್ನು ಎಣಿಸುವ ಬಿಡುವಿನಲ್ಲಿ ಪ್ರೇಕ್ಷಕರನ್ನು ಹಿಡಿದಿಡಲು ಏಳು ನಿಮಿಷಗಳ ಒಂದು ನೃತ್ಯವನ್ನು ನಿರ್ಮಾಪಕಿ ಮೋಯಾ ಡೊಹರ್ಟಿಯವರು ಸಿದ್ಧಪಡಿಸಿದ್ದರು. ಸಂಗೀತ ಬಿಲ್ ವೀಲನ್ ಅವರದು. ಮುಖ್ಯ ನರ್ತಕರು ಜೀನ್ ಬಟ್ಲರ್ ಮತ್ತು ಮೈಕೆಲ್ ಫ್ಲಾಟ್ಲಿ. ಕೈಗಳನ್ನು ಮೈಗೆ ಅಂಟಿಸಿಕೊಂಡು ಕಾಲುಗಳನ್ನು ಮಾತ್ರ ಆಡಿಸುವುದು ಐರಿಷ್ ನೃತ್ಯದ ಕಟ್ಟುಪಾಡು. ಫ್ಲಾಟ್ಲಿಯವರು ಕೈಬೀಸಿ, ಎದೆಯುಬ್ಬಿಸಿ ರಂಗಕ್ಕೆ ನುಗ್ಗಿದರು. ಬಿಡುವನ್ನು ತುಂಬಲು ಮಾಡಿದ ಈ ನೃತ್ಯದ ಮುಂದೆ ಸ್ಪರ್ಧೆಯೇ ಮಂಕಾಯಿತು. ಡೊಹರ್ಟಿ ಮತ್ತು ಅವರ ಪತಿ, ನಿರ್ದೇಶಕ ಜಾನ್ ಮೆಕೋಗನ್ ಇಬ್ಬರೂ ಸೇರಿ ಅದನ್ನು ಪೂರ್ಣಾವಧಿಯ ರಂಗಪ್ರದರ್ಶನವಾಗಿ ಬೆಳೆಸಿದರು. ‘ರಿವರ್‌ಡ್ಯಾನ್ಸ್’ 1995ರ ಫೆಬ್ರುವರಿಯಲ್ಲಿ ಅದೇ ರಂಗಮಂದಿರದಲ್ಲಿ ಆರಂಭವಾಯಿತು. ಬಳಿಕ ಲಂಡನ್ನಿನಲ್ಲಿಯೂ ಟಿಕೆಟ್‌ಗಳಿಗೆ ಬರವಾಯಿತು.

ನನಗೆ ಆಸಕ್ತಿಯಿರುವುದು ಮುಂದೆ ನಡೆದದ್ದರಲ್ಲಿ. ಲಂಡನ್ನಿನ ಎರಡನೆಯ ಸುತ್ತಿನ ಪ್ರದರ್ಶನಗಳು 1995ರ ಅಕ್ಟೋಬರಿನಲ್ಲಿ ಆರಂಭವಾಗುವ ಹೊತ್ತಿಗೆ ಫ್ಲಾಟ್ಲಿಯವರಿಗೂ ನಿರ್ಮಾಪಕರಿಗೂ ಸಂಬಂಧ ಮುರಿಯಿತು. ನೃತ್ಯ ಸಂಯೋಜನೆಯ ಮೇಲೆ ಯಾರ ಹಿಡಿತ, ಅದಕ್ಕೆ ಸಲ್ಲಬೇಕಾದ ರಾಯಧನ ಎಷ್ಟು ಎಂಬುದೇ ಭಿನ್ನಾಭಿಪ್ರಾಯದ ಮೂಲ. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಹೊರಗೇ ರಾಜಿಯಾಯಿತು. ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಸಂಗತಿ ಗಮನಾರ್ಹ. ಯಾರಿಲ್ಲದೆ ಈ ಪ್ರದರ್ಶನವೇ ಇಲ್ಲ ಎಂದು ಲೋಕ ಭಾವಿಸಿತ್ತೋ ಅವರಿಲ್ಲದೆಯೇ ಪರದೆ ಸಕಾಲಕ್ಕೆ ಮೇಲೆದ್ದಿತು. ಕಾಲಿನ್ ಡನ್ ಎಂಬ ಮತ್ತೊಬ್ಬ ಸಮರ್ಥ ನರ್ತಕರು ಆ ಸ್ಥಾನಕ್ಕೆ ಬಂದರು. ‘ರಿವರ್‌ಡ್ಯಾನ್ಸ್’ ನಿಲ್ಲಲಿಲ್ಲ, 2025ರಲ್ಲಿ ಮೂವತ್ತನೆಯ ವರ್ಷದ ಪ್ರವಾಸವನ್ನೂ ನಡೆಸಿತು. ಹೆಸರು, ಸಂಗೀತ, ಪ್ರದರ್ಶನದ ಹಕ್ಕು ಇವೆಲ್ಲ ಒಂದು ಸಂಸ್ಥೆಯ ವ್ಯವಸ್ಥೆಯೊಳಗೆ ಇದ್ದುದರಿಂದ ಒಬ್ಬ ವ್ಯಕ್ತಿಯ ನಿರ್ಗಮನ ಅದನ್ನು ಬೀಳಿಸಲಿಲ್ಲ. ನಮ್ಮ ಅನೇಕ ಘಟಕಗಳಲ್ಲಿ ಹಳೆಯ ಫೋರ್‌ಮನ್ ಒಂದು ವಾರ ರಜೆ ಹಾಕಿದರೆ ಯಂತ್ರ ನಿಲ್ಲುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಫ್ಲಾಟ್ಲಿಯವರ ದೊಡ್ಡತನವೆಂದರೆ, ತಮಗೆ ಕಹಿಯಾದ ಈ ಪಾಠವನ್ನು ಅವರು ಬೇಗ ಕಲಿತದ್ದು. ಸುಮಾರು ಒಂಬತ್ತು ತಿಂಗಳಲ್ಲಿ, 1996ರ ಬೇಸಿಗೆಯಲ್ಲಿ, ‘ಲಾರ್ಡ್ ಆಫ್ ದ ಡ್ಯಾನ್ಸ್’ ಎಂಬ ಸ್ವಂತ ನೃತ್ಯನಾಟಕವನ್ನು ಅದೇ ಡಬ್ಲಿನ್ನಿನ ಅದೇ ರಂಗಮಂದಿರಕ್ಕೆ ತಂದರು. ಸಂಗೀತ ರೋನನ್ ಹಾರ್ಡಿಮನ್ ಅವರದು. ಕಥೆ, ಸಂಯೋಜನೆ, ನಿರ್ದೇಶನ, ಮುಖ್ಯ ಪಾತ್ರ ಫ್ಲಾಟ್ಲಿಯವರವು. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಾರಿ ಒಡೆತನವೂ ಅವರದೇ.

ಇಲ್ಲಿ ಪ್ರದರ್ಶನ ಉದ್ಯಮದ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸುವುದು ಅಗತ್ಯ. ಅಕ್ಕಿ ವ್ಯಾಪಾರಿ ಇಂದು ಮಾರಾಟವಾಗದ ಮೂಟೆಯನ್ನು ನಾಳೆ ಮಾರಬಹುದು. ಪರದೆ ಮೇಲೆದ್ದ ಕ್ಷಣದಲ್ಲಿ ಖಾಲಿ ಉಳಿದ ಕುರ್ಚಿಯನ್ನು ಮತ್ತೆಂದೂ ಮಾರಲಾಗದು. ಬಾಡಿಗೆ, ದೀಪ, ಧ್ವನಿ, ನರ್ತಕರ ಸಂಬಳ, ಲಾರಿ, ವಸತಿ ಇವೆಲ್ಲ ಮಂದಿರ ತುಂಬಿದರೂ ತುಂಬದಿದ್ದರೂ ಒಂದೇ. ಆದುದರಿಂದ ಖರ್ಚನ್ನು ಮುಟ್ಟುವವರೆಗಿನ ಕುರ್ಚಿಗಳು ನಿರ್ಮಾಪಕನ ನಿದ್ದೆ ಕೆಡಿಸುತ್ತವೆ. ಅದಕ್ಕೆ ಮೇಲಿನ ಪ್ರತಿಯೊಂದು ಕುರ್ಚಿಯೂ ಬಹುಪಾಲು ಲಾಭವೇ. ಇನ್ನೊಂದು ಆಕರ್ಷಣೆಯೂ ಇದೆ, ಅದೇ ಅಪಾಯವೂ ಹೌದು. ಟಿಕೆಟ್ ಹಣ ತಿಂಗಳುಗಳ ಮುಂಚೆಯೇ ಕೈಗೆ ಬರುತ್ತದೆ. ಬ್ಯಾಂಕ್ ಖಾತೆ ತುಂಬಿದಂತೆ ಕಂಡರೂ ಅದು ಆದಾಯವಲ್ಲ, ಸಾಲ. ಕಲಾ ಪ್ರದರ್ಶನದ ಪ್ರವೇಶಧನವನ್ನು ಪ್ರದರ್ಶನ ನಡೆದಾಗ ಮಾತ್ರ ಆದಾಯವೆಂದು ತೋರಿಸಬೇಕೆಂದು ನಮ್ಮ ಲೆಕ್ಕಪತ್ರ ಮಾನದಂಡ 9 ಸ್ಪಷ್ಟವಾಗಿ ಹೇಳುತ್ತದೆ. ದೀಪಾವಳಿ ಚೀಟಿ ನಡೆಸಿ ಮುಂಗಡ ಹಣವನ್ನು ಲಾಭವೆಂದು ತಿಳಿದು ಜಾಗ ಖರೀದಿಸಿದ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಅವರಿಗೆ ಈ ಮಾನದಂಡ ಓದಿ ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು.

ಒಡೆತನ ಬಂದ ಮೇಲೆ ಫ್ಲಾಟ್ಲಿಯವರು ಎದುರಿಸಿದ ಪ್ರಶ್ನೆ ಸವಕಳಿಯದು. ನರ್ತಕನ ದೇಹ ಯಂತ್ರಕ್ಕಿಂತ ಬೇಗ ಸವೆಯುತ್ತದೆ, ಮತ್ತು ಅದನ್ನು ಬದಲಿಸಲಾಗದು. ತಾನು ಒಂದು ರಾತ್ರಿ ಒಂದೇ ಊರಿನಲ್ಲಿ ಮಾತ್ರ ಕುಣಿಯಬಲ್ಲೆ. ಇದಕ್ಕೆ ಅವರು ಕಂಡುಕೊಂಡ ಉತ್ತರ, ಮುಖ್ಯ ಪಾತ್ರಕ್ಕೆ ಬೇರೆಯವರನ್ನು ತರಬೇತುಗೊಳಿಸಿ, ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ತಂಡಗಳನ್ನು ನಡೆಸುವುದು. ಒಂದು ತಂಡ ಯುರೋಪಿನಲ್ಲಿದ್ದರೆ ಇನ್ನೊಂದು ಅಮೆರಿಕದಲ್ಲಿ. ಕೆಲವು ವರ್ಷ ಲಾಸ್ ವೇಗಾಸ್ ನಗರದ ಹೋಟೆಲೊಂದರಲ್ಲಿ ಸ್ಥಿರವಾಗಿ ಒಂದು ತಂಡ. ‘ರಿವರ್‌ಡ್ಯಾನ್ಸ್’ನವರೂ ಇದನ್ನೇ ಮಾಡಿದರು, ತಮ್ಮ ತಂಡಗಳಿಗೆ ಲಿಫಿ, ಲೀ, ಲೇಗನ್ ಎಂದು ಐರ್ಲೆಂಡಿನ ನದಿಗಳ ಹೆಸರಿಟ್ಟರು. ಇದು ಸಾಧ್ಯವಾದದ್ದಕ್ಕೆ ಕಾರಣವನ್ನು ನಾವು ವಿಶೇಷವಾಗಿ ಗಮನಿಸಬೇಕು. ಐರಿಷ್ ನೃತ್ಯಶಾಲೆಗಳೂ 1970ರಿಂದ ನಡೆದುಬಂದ ವಿಶ್ವ ಸ್ಪರ್ಧೆಯೂ ಸೇರಿ, ಒಂದೇ ಅಳತೆಯ ಶಿಸ್ತಿನಲ್ಲಿ ಪಳಗಿದ ನೂರಾರು ಯುವಕ ಯುವತಿಯರನ್ನು ಮೊದಲೇ ಸಿದ್ಧಪಡಿಸಿದ್ದವು. ನಮ್ಮ ಐ.ಟಿ.ಐ.ಗಳಿಂದ ಬಂದ ಫಿಟ್ಟರ್ ಯಾವ ಕಾರ್ಖಾನೆಯಲ್ಲಾದರೂ ನಿಲ್ಲಬಲ್ಲನಷ್ಟೆ, ಹಾಗೆ. ಆ ಯುವಜನರಿಗೆ ಮೊದಲ ಬಾರಿಗೆ ಪದಕದ ಜೊತೆ ಸಂಬಳವೂ ದೊರೆಯಿತು. ಕಲಾವಿಮರ್ಶಕರು ಈ ಪ್ರದರ್ಶನಗಳನ್ನು ಆಡಂಬರವೆಂದು ಹಳಿದದ್ದುಂಟು. ಫ್ಲಾಟ್ಲಿಯವರ ಆತ್ಮಪ್ರಶಂಸೆಯೂ ಸ್ವಲ್ಪ ಅತಿಯೇ. ಆದರೆ ಒಂದು ಕಲೆಗೆ ಉದ್ಯೋಗ ಮಾರುಕಟ್ಟೆಯನ್ನೇ ಹುಟ್ಟಿಸಿದ್ದು ಸಣ್ಣ ಕೆಲಸವೆಂದು ನಾನು ಒಪ್ಪಲಾರೆ.

1998ರ ಜುಲೈ 25ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು 25,000 ಜನರ ಎದುರು ‘ಫೀಟ್ ಆಫ್ ಫ್ಲೇಮ್ಸ್’ ನಡೆಯಿತು. ಬಯಲು ಪ್ರದರ್ಶನಕ್ಕಾಗಿ ವೇದಿಕೆ ಕಟ್ಟುವ ಖರ್ಚನ್ನು ಒಂದು ರಾತ್ರಿಯ ಟಿಕೆಟ್‌ಗಳೇ ಹೊರಬೇಕೆಂದರೆ ಕಷ್ಟ. ಅದನ್ನು ಚಿತ್ರೀಕರಿಸಿ ವಿಡಿಯೊ ರೂಪದಲ್ಲಿ ಜಗತ್ತಿನಾದ್ಯಂತ ಮಾರಿದಾಗ ಆ ರಾತ್ರಿಯೇ ಕಚ್ಚಾಸಾಮಗ್ರಿಯಾಯಿತು. ಹಕ್ಕು ತಮ್ಮಲ್ಲಿದ್ದವರಿಗೆ ಮಾತ್ರ ಇದು ಸಾಧ್ಯ. 2006ರಲ್ಲಿ ಅವರು ತೀವ್ರ ಅನಾರೋಗ್ಯಕ್ಕೆ ಒಳಗಾದಾಗ, ಅವರೇ ಕುಣಿಯಬೇಕಾಗಿದ್ದ ‘ಸೆಲ್ಟಿಕ್ ಟೈಗರ್’ ಪ್ರದರ್ಶನದ ಪ್ರವಾಸ ರದ್ದಾಯಿತು. ಒಡೆಯನ ಶರೀರವನ್ನೇ ನಂಬಿದ ವ್ಯವಹಾರಕ್ಕೂ ಒಡೆಯನಿಲ್ಲದೆ ನಡೆಯುವ ವ್ಯವಹಾರಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ. 2016ರ ಮಾರ್ಚ್ 17ರಂದು, 57ನೆಯ ವಯಸ್ಸಿನಲ್ಲಿ, ಲಾಸ್ ವೇಗಾಸ್‌ನಲ್ಲಿ ಅವರು ಕೊನೆಯ ಬಾರಿ ಕುಣಿದು ರಂಗದಿಂದ ನಿವೃತ್ತರಾದರು. ‘ಲಾರ್ಡ್ ಆಫ್ ದ ಡ್ಯಾನ್ಸ್’ ಮಾತ್ರ ಆ ಬಳಿಕವೂ ಊರೂರು ಸುತ್ತಿತು. ತಾವೇ ಬರೆದು, ನಿರ್ದೇಶಿಸಿ, ನಟಿಸಿದ ‘ಬ್ಲ್ಯಾಕ್‌ಬರ್ಡ್’ ಎಂಬ ಚಲನಚಿತ್ರವನ್ನು 2022ರಲ್ಲಿ ಬಿಡುಗಡೆ ಮಾಡಿ ವಿಮರ್ಶಕರಿಂದ ಚೆನ್ನಾಗಿ ಏಟು ತಿಂದರು. ತಮ್ಮ ಹಣ, ತಮ್ಮ ಹಂಬಲ. ಲೆಕ್ಕಪರಿಶೋಧಕನಾಗಿ ನಾನು ಮೊದಲೇ ತಡೆಯಲು ಯತ್ನಿಸುತ್ತಿದ್ದೆ, ಅವರು ಕೇಳುತ್ತಿರಲಿಲ್ಲ ಎಂದು ತೋರುತ್ತದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ನೃತ್ಯ ಸಂಯೋಜನೆಯೂ ಬರವಣಿಗೆಯಲ್ಲಿ ಅಥವಾ ಬೇರೆ ವಿಧದಲ್ಲಿ ದಾಖಲಾಗಿದ್ದರೆ ‘ನಾಟಕ ಕೃತಿ’ ಎನಿಸಿಕೊಳ್ಳುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ‘ಸಾಹಿತ್ಯ ಕೃತಿ’ ಎನಿಸಿಕೊಳ್ಳುತ್ತದೆ ಎಂದರೆ ಹಲವರು ನಗುತ್ತಾರೆ, ಆದರೆ ಕಾನೂನು ಹಾಗೆಯೇ ಇದೆ. ಸಂಬಳದ ನೌಕರರು ಕೆಲಸದ ಭಾಗವಾಗಿ ರಚಿಸಿದ ಇಂಥ ಕೃತಿಗೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾಲೀಕರೇ ಮೊದಲ ಒಡೆಯರು. ಹೊರಗಿನವರಿಂದ ಹಣ ಕೊಟ್ಟು ಪ್ರೋಗ್ರಾಂ ಬರೆಸಿದರೆ ಹಾಗಲ್ಲ. ಹಣ ನೀವು ಕೊಟ್ಟಿದ್ದರೂ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ. ಅದು ನಿಮಗೆ ವರ್ಗಾವಣೆಯಾಗಬೇಕಾದರೆ ಅವರ ಸಹಿಯಿರುವ ಬರವಣಿಗೆ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ರಫ್ತು ಮಾಡುವ ಸದಸ್ಯರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಇದನ್ನು ನಾನು ಪುಸ್ತಕದಿಂದ ಕಲಿತೆನೆಂದರೆ ಸುಳ್ಳಾದೀತು. ನನ್ನ ಕಕ್ಷಿದಾರರೊಬ್ಬರದು ಎರಕದ ಬಿಡಿಭಾಗಗಳ ಸಣ್ಣ ಘಟಕ. ಪ್ರತಿಯೊಂದು ಎರಕದ ತೂಕ, ಕಚ್ಚಾಮಾಲು, ವಿದ್ಯುತ್ ಎಲ್ಲವನ್ನೂ ಸೇರಿಸಿ ದರ ತೆಗೆಯುವ ಪ್ರೋಗ್ರಾಂ ಒಂದನ್ನು ಊರಿನ ಯುವಕರೊಬ್ಬರಿಂದ ಬರೆಸಿದ್ದರು. ನಾಲ್ಕು ತಿಂಗಳು ಆ ಯುವಕರು ಕುಲುಮೆಯ ಪಕ್ಕದಲ್ಲೇ ಕುಳಿತು ಕೆಲಸ ಕಲಿತು ಅದನ್ನು ಸಿದ್ಧಪಡಿಸಿದರು. ಎರಡು ವರ್ಷಗಳ ನಂತರ ಅದೇ ಪ್ರೋಗ್ರಾಂ ಪ್ರತಿಸ್ಪರ್ಧಿಯ ಘಟಕದಲ್ಲಿ ಕಾಣಿಸಿಕೊಂಡಿತು. ಕಕ್ಷಿದಾರರು ಕೆಂಡವಾಗಿ ನನ್ನ ಕಚೇರಿಗೆ ಬಂದರು. “ಪೂರ್ತಿ ದುಡ್ಡು ಎಣಿಸಿಕೊಟ್ಟಿದ್ದೇನೆ ಸಾರ್, ಅದು ನನ್ನದಲ್ಲದೆ ಇನ್ಯಾರದು?” ಎಂದರು. ವಕೀಲರು ದಾಖಲೆ ಕೇಳಿದಾಗ ನಮ್ಮಲ್ಲಿ ದೊರೆತದ್ದು ಒಂದು ವೋಚರ್ ಮಾತ್ರ. ‘ಕಂಪ್ಯೂಟರ್ ಕೆಲಸದ ಬಾಬ್ತು’ ಎಂಬ ಒಂದು ಸಾಲು, ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಆ ವರ್ಷದ ಪರಿಶೋಧನೆಯಲ್ಲಿ ಅದಕ್ಕೆ ಹಸಿರು ಪೆನ್ನಿನಲ್ಲಿ ಗುರುತು ಹಾಕಿ ಖರ್ಚೆಂದು ಒಪ್ಪಿದ್ದವನು ನಾನೇ. ಕರಾರು ಎಲ್ಲಿದೆ ಎಂದು ಅಂದು ಒಂದು ಮಾತು ಕೇಳಿರಲಿಲ್ಲ.

ದಾವೆಯ ಮಾತನ್ನು ಬಿಟ್ಟು ಯುವಕರನ್ನು ಕರೆಸಿ ಕೂರಿಸಿದೆವು. ಅವರ ವಾದವೂ ನ್ಯಾಯವೇ ಆಗಿತ್ತು: ಅವರು ಮಾರಿದ್ದು ತಮ್ಮ ಬುದ್ಧಿಯನ್ನು, ಕಕ್ಷಿದಾರರ ಗುಟ್ಟನ್ನಲ್ಲ. ಎರಡು ಸಂಜೆಗಳ ಚರ್ಚೆಯ ಬಳಿಕ ಕಕ್ಷಿದಾರರು ಎರಡನೆಯ ಬಾರಿ ಹಣ ಕೊಟ್ಟರು. ಯುವಕರು ಪೂರ್ಣಾವಧಿಗೆ ಹಕ್ಕುಗಳನ್ನು ಬರೆದುಕೊಟ್ಟರು. ಪ್ರತಿಸ್ಪರ್ಧಿಯ ಬಳಿ ಆಗಲೇ ಇದ್ದ ಪ್ರತಿ ಹಾಗೆಯೇ ಉಳಿಯಿತು. ಸಹಿ ಹಾಕುವ ಮುನ್ನ ಯುವಕರು ಒಂದೇ ಒಂದು ಷರತ್ತು ಸೇರಿಸಲು ಕೇಳಿಕೊಂಡರು: ಪ್ರೋಗ್ರಾಂ ತೆರೆದಾಗ ಮೊದಲ ಪುಟದಲ್ಲಿ ತಮ್ಮ ಹೆಸರು ಇರಬೇಕು. ಕಕ್ಷಿದಾರರು ನನ್ನ ಮುಖ ನೋಡಿದರು, ನಾನು ತಲೆಯಾಡಿಸಿದೆ. ಆ ಷರತ್ತನ್ನು ಕರಾರಿನ ಕೊನೆಯಲ್ಲಿ ಕೈಬರಹದಲ್ಲಿ ಸೇರಿಸಿ, ಮೂವರೂ ಪಕ್ಕದಲ್ಲಿ ಸಹಿ ಹಾಕಿದೆವು.