ನಮ್ಮೂರ ದೆವ್ವ ತೆಲುಗಲ್ಲಿ ಯಾಕೆ ಮಾತಾಡ್ಬೇಕು?

ಹೊಳಗುಂದ, ಆದೋನಿ, ಆಲೂರಿನ ಹುಡುಗರೇ, ಒಂದು ಮಾತು ಕೇಳ್ತೀವಿ, ಸಿಟ್ಟಾಗಬ್ಯಾಡ್ರಿ. ‘ಸು ಫ್ರಮ್ ಸೋ’ ಯಾವ ಭಾಷೇಲಿ ನೋಡಿದ್ರಿ?

2025ರ ಜುಲೈ 25ಕ್ಕೆ ಕನ್ನಡದಲ್ಲಿ ಬಂತು. ಎರಡೇ ವಾರಕ್ಕೆ ತೆಲುಗು ಡಬ್ಬಿಂಗ್. ನಮ್ಮಲ್ಲಿ ಎಷ್ಟೋ ಮಂದಿ ಅದನ್ನೇ ನೋಡಿ ‘ಸೂಪರ್ ಉಂದಿ’ ಅಂತ ಸ್ಟೇಟಸ್ ಹಾಕಿದ್ರು. ಮನೇಲಿ ಕನ್ನಡ ಮಾತಾಡೋರು ಕನ್ನಡ ಸಿನಿಮಾನ ತೆಲುಗಲ್ಲಿ ನೋಡೋದಾ?

ಅದರ ನಿರ್ದೇಶಕ ಜೆ.ಪಿ. ತುಮಿನಾಡು ಮಂಜೇಶ್ವರದ ಕಡೆಯವರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯ್ತು. ನಮ್ಮನ್ನು ಅದಕ್ಕೂ ಮೊದಲೇ, 1953ರ ಅಕ್ಟೋಬರ್ 1ಕ್ಕೆ, ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರಕ್ಕೆ ಸೇರಿಸಿದ್ರು. ಅವರೂ ನಮ್ಮ ಹಾಗೆ ಗಡಿಯಾಚೆ ಬಿದ್ದವರೇ. ಆದ್ರೆ ಬೆಂಗಳೂರು ಕನ್ನಡ ಬಾಡಿಗೆ ತರಲಿಲ್ಲ. ಕರಾವಳಿ ಹಳ್ಳಿ ಮಾತಲ್ಲೇ, ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಳು ಅಂತ ಊರೆಲ್ಲ ನಂಬೋ ಕಥೆ ಹೇಳಿದ್ರು. ಬೆಂಗಳೂರೇ ಟಿಕೆಟಿಗೆ ಪರದಾಡಿತು.

ನಮ್ಮಲ್ಲೇನು ಕಥೆ ಇಲ್ಲೇನು? ದೇವರಗಟ್ಟು ನಮ್ಮ ಮಂಡಲದಾಗೇ ಐತಿ. ದಸರಾ ರಾತ್ರಿ ಬಡಿಗೆ ಹಿಡಿದು ಮಾಳ ಮಲ್ಲೇಶ್ವರನ ಬನ್ನಿ ಉತ್ಸವಕ್ಕೆ ಹೊಂಟೋರಿಗೆ ಹಾದೀಲಿ ದೆವ್ವ ಎದುರಾದ್ರೆ? ಓಡಬೇಕಾದ್ದು ದೆವ್ವಾನೇ! ಹತ್ತು ನಿಮಿಷದ ಕಿರುಚಿತ್ರಕ್ಕೆ ಇಷ್ಟು ಸಾಕು. ಫೋನ್ ಕೈಯಾಗೈತಿ. ಯೂಟ್ಯೂಬಿಗೆ ಹಾಕೋಕೆ ಸೆನ್ಸಾರ್ ಸರ್ಟಿಫಿಕೇಟೂ ಬೇಡ, ಥಿಯೇಟರಿನವರ ಕೈಕಾಲು ಹಿಡಿಯೋದೂ ಬೇಡ.

‘ನಮ್ಮ ಕನ್ನಡದಾಗ ತೆಲುಗು ಬೆರೆತೈತಿ, ನಗ್ತಾರೆ’ ಅಂತೀರಿ. ನಗಲಿ ಬಿಡ್ರಿ, ಮಾಡ್ತಿರೋದು ಕಾಮಿಡಿ ತಾನೆ! ನಿಮ್ಮ ಅಜ್ಜಿ ಹೆಂಗ್ ಬೈತಾಳೋ ಹಂಗೇ ದೆವ್ವಾನೂ ಬೈಲಿ.

ಮುಂದಿನ ದಸರಾದೊಳಗೆ ಒಂದಾದ್ರೂ ಮಾಡಿ ಲಿಂಕ್ ಕಳಿಸ್ರಿ. ಈ ಪೇಜಿನಲ್ಲಿ ಹಾಕಿ ಊರೂರಿಗೆ ಮುಟ್ಟಿಸೋ ಕೆಲಸ ನಮ್ದು.